ಅಂಬಾಸಿಡರಿಗೆ ದೊಡ್ಡ ಇಂಜಿನ್ ಕೂರಿಸುವ ಮುನ್ನ

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಈ ದಾರಿಯಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಓಡಿಸುವವರು ಲಾರಿಗಳಿಗೆ ಪಕ್ಕ ಕೊಟ್ಟು ಕೊಟ್ಟು ಸಾಕಾಗಿ, ಇದಕ್ಕೊಂದು ದೊಡ್ಡ ಇಂಜಿನ್ ಕೂರಿಸಿದರೆ ಹೇಗೆ ಎಂದು ಯೋಚಿಸುವುದು ಸಹಜ. ಆಸೆಯೇನೂ ತಪ್ಪಲ್ಲ. ಹಿಂದೂಸ್ತಾನ್ ಮೋಟಾರ್ಸ್ ಕಂಪನಿಯೇ ಈ ಕೆಲಸ ಮಾಡಿತ್ತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನಿಂದ ಬಂದ ಈ ಕಾರಿನಲ್ಲಿ ದಶಕಗಳ ಕಾಲ ಇದ್ದದ್ದು 1489 ಸಿಸಿ ಪೆಟ್ರೋಲ್ ಇಂಜಿನ್. ಸುಮಾರು 50 ಅಶ್ವಶಕ್ತಿ. 1990ರ ದಶಕದ ಆರಂಭದಲ್ಲಿ ಅದೇ ಗುಂಡು ಮೈಯೊಳಗೆ 1817 ಸಿಸಿಯ ಇಸುಜು ಇಂಜಿನ್ ಬಂತು. ಸುಮಾರು 75 ಅಶ್ವಶಕ್ತಿ. ಆದರೆ ಇಂಜಿನ್ ಒಂದೇ ಬರಲಿಲ್ಲ. ಅದರ ಜೊತೆ ಐದು ಗೇರಿನ ಬೇರೆ ಗೇರ್‌ಬಾಕ್ಸ್ ಬಂತು, ಸ್ಟೇರಿಂಗ್ ಪಕ್ಕದಲ್ಲಿದ್ದ ಗೇರ್ ಕಡ್ಡಿ ನೆಲಕ್ಕಿಳಿಯಿತು.

ಶಕ್ತಿ ಒಂದೂವರೆ ಪಟ್ಟಾದರೆ ವೇಗವೂ ಒಂದೂವರೆ ಪಟ್ಟಾಗುತ್ತದೆಯೇ? ಇಲ್ಲ. ವೇಗ ಹೆಚ್ಚಿದಂತೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ಹೀಗಾಗಿ ಗಾಳಿಯ ತಡೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಶೇ 50ರಷ್ಟು ಹೆಚ್ಚಿನ ಶಕ್ತಿಯಿಂದ ಗರಿಷ್ಠ ವೇಗ ಹೆಚ್ಚುವುದು ಸುಮಾರು ಶೇ 14ರಷ್ಟು ಮಾತ್ರ. ದೊಡ್ಡ ಇಂಜಿನ್ನಿನ ನಿಜವಾದ ಲಾಭ ಏರಿನಲ್ಲಿ, ಐದು ಜನ ಕೂತಾಗ, ಟ್ರ್ಯಾಕ್ಟರನ್ನು ಹಿಂದೆ ಹಾಕುವಾಗ.

ಆದರೆ ಚಲಿಸುವ ಕಾರಿನಲ್ಲಿರುವ ಚಲನಶಕ್ತಿ ವೇಗದ ವರ್ಗದಷ್ಟು ಹೆಚ್ಚುತ್ತದೆ. ಶೇ 14ರಷ್ಟು ಹೆಚ್ಚು ವೇಗದಲ್ಲಿ ಬರುವ ಕಾರನ್ನು ನಿಲ್ಲಿಸಲು ಬ್ರೇಕುಗಳು ಸುಮಾರು ಶೇ 30ರಷ್ಟು ಹೆಚ್ಚು ಶಾಖವನ್ನು ನುಂಗಬೇಕು. ಕಾರು ನಿಲ್ಲುವ ದೂರವೂ ಸುಮಾರು ಅಷ್ಟೇ ಉದ್ದವಾಗುತ್ತದೆ. ಹಳೆಯ ಡ್ರಮ್ ಬ್ರೇಕು ಬಿಸಿಯಾದಷ್ಟೂ ಹಿಡಿತ ಕಳೆದುಕೊಳ್ಳುತ್ತದೆ. ಭತ್ತದ ಚೀಲ ಹೇರಿದ ಟ್ರೇಲರ್ ಅಡ್ಡರಸ್ತೆಯಿಂದ ಹೆದ್ದಾರಿಗೆ ನುಗ್ಗುವ ಊರುಗಳಲ್ಲಿ ಇದು ಬರೀ ಲೆಕ್ಕದ ಮಾತಲ್ಲ. ನನ್ನನ್ನು ಕೇಳಿದರೆ, ಇಂಜಿನ್ನಿಗೆ ಕೈ ಹಾಕುವ ಮೊದಲು ಬ್ರೇಕಿಗೆ ದುಡ್ಡು ಹಾಕಬೇಕು.

ಇನ್ನು ಬಿಸಿಲು. ಇಂಧನ ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ರೇಡಿಯೇಟರ್ ಹೊರಹಾಕಬೇಕು. ಅದು ಎಷ್ಟು ಶಾಖ ಬಿಡುತ್ತದೆ ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಉಷ್ಣತೆಯ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿ, ಗಾಳಿ 20 ಡಿಗ್ರಿ ಇದ್ದರೆ ಅಂತರ 70. ರಾಯಚೂರು ಸೀಮೆಯ ಮೇ ತಿಂಗಳ 42 ಡಿಗ್ರಿಯಲ್ಲಿ ಅದು 48ಕ್ಕೆ ಇಳಿಯುತ್ತದೆ. ಅದೇ ರೇಡಿಯೇಟರ್, ಸುಮಾರು ಮೂರನೇ ಒಂದು ಭಾಗ ಕಡಿಮೆ ಕೆಲಸ. ದೊಡ್ಡ ಇಂಜಿನ್ನಿಗೆ ಹಳೆಯ ರೇಡಿಯೇಟರನ್ನೇ ಉಳಿಸಿಕೊಂಡರೆ ಮಸ್ಕಿ ಮುಟ್ಟುವ ಮೊದಲೇ ಬಾನೆಟ್ ಎತ್ತಬೇಕಾದೀತು.

ಪೆಟ್ರೋಲ್ ತೆಗೆದು ಡೀಸೆಲ್ ಇಂಜಿನ್ ಇಡುವವರ ಸಮಸ್ಯೆ ಬೇರೆ. ಡೀಸೆಲ್ ಇಂಜಿನ್ ತೂಕ ಹೆಚ್ಚು. ಅಂಬಾಸಿಡರಿನ ಮುಂಭಾಗವನ್ನು ಹೊತ್ತಿರುವ ಟಾರ್ಷನ್ ಬಾರುಗಳು ಇನ್ನಷ್ಟು ತಿರುಚಿಕೊಳ್ಳುತ್ತವೆ, ಮೂತಿ ಕೆಳಗಿಳಿಯುತ್ತದೆ. ಡೀಸೆಲ್ ನಿಧಾನವಾಗಿ ತಿರುಗುವ ಇಂಜಿನ್ ಕೂಡ. ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲಿನ ಅನುಪಾತ ಪೆಟ್ರೋಲಿಗೆ ಹೊಂದಿಸಿದ್ದಾದರೆ, ಟಾಪ್ ಗೇರಿನಲ್ಲೂ ಇಂಜಿನ್ ಅರಚುತ್ತದೆ, ಕಾರು ಮಾತ್ರ ಮುಂದೆ ಸಾಗದು. ಇತ್ತ ಹೆಚ್ಚಿನ ಟಾರ್ಕನ್ನು ಹಳೆಯ ಕ್ಲಚ್ ಪ್ಲೇಟಿನ ಮೇಲೆ ಹೇರುವುದು ಕರುವಿನ ಹಗ್ಗದಲ್ಲಿ ಹೋರಿ ಕಟ್ಟಿದಂತೆ. ಪ್ಲೇಟು ಜಾರುತ್ತದೆ, ಸುಡುತ್ತದೆ; ಅದು ತಡೆದುಕೊಂಡರೆ ಗೇರಿನ ಹಲ್ಲೋ ಹಿಂದಿನ ಆಕ್ಸಲ್ಲೋ ಮುರಿಯುತ್ತದೆ. ಆದ್ದರಿಂದಲೇ ಬಲ್ಲ ಮೆಕ್ಯಾನಿಕ್‌ಗಳು ಇಂಜಿನ್ನನ್ನು ಅದರದೇ ಗೇರ್‌ಬಾಕ್ಸಿನ ಜೊತೆ ತಂದು, ಪ್ರೊಪೆಲ್ಲರ್ ಶಾಫ್ಟನ್ನು ಅಳತೆಗೆ ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಿ ಕೂರಿಸುತ್ತಾರೆ.

ಕಾಗದಪತ್ರದ ಕೆಲಸವೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದಕ್ಕೆ ತಡೆ ಒಡ್ಡುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಬಿಗಿಯಾಗಿ ಎತ್ತಿಹಿಡಿದಿದೆ. ಆರ್‌ಸಿಯಲ್ಲಿರುವ ಇಂಜಿನ್ ನಂಬರಿಗೂ ಬಾನೆಟ್ ಕೆಳಗಿನ ನಂಬರಿಗೂ ತಾಳೆಯಾಗದಿದ್ದರೆ ಅಪಘಾತದ ದಿನ ವಿಮೆಯ ಹಣಕ್ಕೂ ತಕರಾರು ಬರಬಹುದು. ಕೆಎ 36ರ ಗಾಡಿಯಾದರೆ, ಗ್ಯಾರೇಜಿಗೆ ಮುಂಗಡ ಕೊಡುವ ಮೊದಲು ರಾಯಚೂರಿನ ಆರ್‌ಟಿಒ ಕಚೇರಿಗೆ ಹೋಗಿ ಕೇಳಿಕೊಂಡು ಬರುವುದು ಮೇಲು.