ಸಾಹೇಬರು ಹೋದ ಮೇಲೆ ಶಾಲೆ ನೋಡಿಕೊಳ್ಳುವವರು ಯಾರು?

1854ರ ವುಡ್ ವರದಿಯ ಜೊತೆ ಬಂದ ತಪಾಸಣೆ ಪದ್ಧತಿ ಬಹುಕಾಲ ಶಾಲೆಯನ್ನು ಮೇಲಿನಿಂದಲೇ ನೋಡಿತು. ಎಂದೋ ಒಮ್ಮೆ ಬರುವ ಇನ್‌ಸ್ಪೆಕ್ಟರ್ ಸಾಹೇಬರಿಗೆ ಅಂದಿನ ಹಾಜರಿ ಕಾಣುತ್ತಿತ್ತು, ಉಳಿದ ದಿನಗಳ ಗೈರು ಕಾಣುತ್ತಿರಲಿಲ್ಲ. ಈ ಕೊರತೆಗೆ ಕರ್ನಾಟಕ ಕಂಡುಕೊಂಡ ಉತ್ತರವೇ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ರಾಜಾ ರಾಮಣ್ಣ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರ ಏಪ್ರಿಲ್ 28ರಂದು ಹೊರಟ ಆದೇಶ, ಸರ್ಕಾರಿ ಶಾಲೆಯ ಉಸ್ತುವಾರಿಯಲ್ಲಿ ಪೋಷಕರನ್ನು ಕೂರಿಸಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು: ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು, ಅನುದಾನದ ಖರ್ಚನ್ನು ಗಮನಿಸುವುದೂ ಶಾಲಾ ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದೂ ಅವರ ಕೆಲಸ.

ಆದರೆ ಈ ವ್ಯವಸ್ಥೆಯ ಮನಸ್ಸಿನಲ್ಲಿದ್ದದ್ದು ಒಂದೇ ಊರಲ್ಲಿ ನೆಲೆನಿಂತ ಪೋಷಕರು. ಆನೇಕಲ್ ತಾಲ್ಲೂಕಿನ ಹೆಬ್ಬಗೋಡಿಯ ಸ್ಥಿತಿಯೇ ಬೇರೆ. ಪಕ್ಕದಲ್ಲೇ ಬೊಮ್ಮಸಂದ್ರದ ಕೈಗಾರಿಕಾ ಪ್ರದೇಶ, ಕೂಗಳತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ. ಉತ್ತರ ಕರ್ನಾಟಕದಿಂದಲೂ ಹೊರರಾಜ್ಯಗಳಿಂದಲೂ ಕೆಲಸಕ್ಕೆ ಬಂದವರು ಬಾಡಿಗೆ ಮನೆ ಬದಲಿಸುತ್ತ, ಪಾಳಿಯಲ್ಲಿ ದುಡಿಯುತ್ತಾರೆ. ವಾರದ ದಿನ ಹನ್ನೊಂದು ಗಂಟೆಗೆ ಸಭೆ ಕರೆದರೆ ತಾಯಿ ಅಂದಿನ ಸಂಬಳ ಬಿಟ್ಟು ಬರಬೇಕು. ಹಾಗಾಗಿ ಬಿಡುವಿರುವವರೇ ಸಮಿತಿ ಹಿಡಿದರೆ, ಆ ತಪ್ಪು ಪೋಷಕರದ್ದಲ್ಲ, ಸಭೆಯ ಹೊತ್ತು ಗೊತ್ತುಮಾಡಿದವರದ್ದು.

ಓದು ಬಾರದವರು ಮೇಷ್ಟ್ರ ಪಾಠವನ್ನು ಹೇಗೆ ಅಳೆಯುತ್ತಾರೆ ಎಂಬ ಆಕ್ಷೇಪ ಹಳೆಯದು. ಅಳೆಯಬೇಕಾಗಿಯೂ ಇಲ್ಲ, ಬೋಧನೆಗೆ ಬೆಂಬಲ ನೀಡಲು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದ್ದಾರೆ, ಆಡಳಿತಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಇದ್ದಾರೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಚಿಲಕವಿದೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ, ಬಿಸಿಯೂಟದ ಬೇಳೆ ಬೆಂದಿದೆಯೇ ಎಂದು ನೋಡಲು ತಾಯಿಯಷ್ಟು ಚುರುಕಿನ ಕಣ್ಣು ಯಾವ ತಪಾಸಣಾ ನಮೂನೆಗೂ ಇಲ್ಲ. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: ಸಮಿತಿಗೆ ರಾಜಕೀಯ ನುಗ್ಗುತ್ತದೆ. ನಿಜ, ನುಗ್ಗುತ್ತದೆ. ಅದಕ್ಕೆ ಮದ್ದು ಸಮಿತಿಯನ್ನು ಸೊರಗಿಸುವುದಲ್ಲ. ಖರ್ಚಿನ ಲೆಕ್ಕವನ್ನು ಎಲ್ಲ ಪೋಷಕರೆದುರು ಓದಿ, ನೋಟಿಸ್ ಬೋರ್ಡಿಗೆ ಹಚ್ಚುವುದು.

ಮೊದಲ ಕೆಲಸ ಸಭೆಯನ್ನು ಭಾನುವಾರಕ್ಕೆ ತರುವುದು. ಊರು ಬಿಟ್ಟ ಸದಸ್ಯರ ಜಾಗವನ್ನು ಅವಧಿ ಮುಗಿಯುವ ತನಕ ಕಾಯದೆ ತುಂಬುವುದು ಎರಡನೆಯದು. ಕೈಗಾರಿಕೆಗಳ ಪಾಲೂ ಇಲ್ಲಿದೆ. ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣದಲ್ಲಿ ಕೊಠಡಿ ಕಟ್ಟಿಸುವ ಕಂಪನಿಗಳು, ತಮ್ಮ ಗುತ್ತಿಗೆ ಕಾರ್ಮಿಕರೂ ಸೇರಿದಂತೆ ಎಸ್‌ಡಿಎಂಸಿ ಸದಸ್ಯರಿಗೆ ಸಭೆಯ ದಿನ ಸಂಬಳಸಹಿತ ಅರ್ಧ ದಿನ ರಜೆ ಕೊಡಲಿ. ಕಟ್ಟಡಕ್ಕಿಂತ ಅಗ್ಗವಾದ ಈ ನೆರವು, ಕಟ್ಟಿದ ಕೊಠಡಿಯ ಬಾಗಿಲು ದಿನವೂ ಹೊತ್ತಿಗೆ ಸರಿಯಾಗಿ ತೆರೆಯುತ್ತದೆಯೇ ಎಂದು ಕೇಳುವವರನ್ನು ಶಾಲೆಗೆ ಕರೆತರುತ್ತದೆ.