ಶಾಸನ ಚಿತ್ರಗಳ ಡಿಸ್ಕ್ ತುಂಬಿದಾಗ: ಯಾವ ಫೋಲ್ಡರ್ ಎಷ್ಟು ದೊಡ್ಡದು?

ಹಿಂದೆ ಒಂದು ಶಾಸನ ಅಂದರೆ ಒಂದು ಪಡಿಯಚ್ಚು, ಎರಡು ಫೋಟೊ, ಒಂದು ಪುಟ ಪಾಠ. ಈಗ ಹಾಗಿಲ್ಲ. ಒಂದು ವೀರಗಲ್ಲಿನ 3ಡಿ ಮಾದರಿಗೆ ಸುತ್ತಲಿಂದ 120 ಫೋಟೊ ತೆಗೆದಿರಿ, ಒಂದೊಂದೂ 25 ಎಂಬಿ ಅಂತಿಟ್ಟುಕೊಳ್ಳಿ. ಅಲ್ಲಿಗೆ 3 ಜಿಬಿ ಆಯಿತು. ಇಂಥ ನಲವತ್ತು ಕಲ್ಲಿಗೆ 120 ಜಿಬಿ. ಇದರ ಮೇಲೆ 3ಡಿ ತಂತ್ರಾಂಶ ಲೆಕ್ಕ ಹಾಕುವಾಗ ತಾನೇ ಬರೆದುಕೊಳ್ಳುವ ಫೈಲುಗಳು ಬೇರೆ. ಡಿಸ್ಕ್ ತುಂಬೋದು ಸಹಜ.

ತುಂಬಿದಾಗ ಏನನ್ನಾದರೂ ಅಳಿಸಲೇಬೇಕು. ತೊಂದರೆ ಶುರುವಾಗೋದು ಅಲ್ಲೇ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಹಿಡಿದು ಊರಿಗೆ ಹೋದರೆ ಪುಸ್ತಕದಲ್ಲಿರುವ ಕಲ್ಲು ಜಾಗದಲ್ಲಿ ಇರೋದಿಲ್ಲ, ಇದು ನಮಗೆಲ್ಲ ಗೊತ್ತಿರುವ ಅನುಭವ. ಕೆಲವು ರಸ್ತೆಗೆ ಹೋದವು, ಕೆಲವು ಮನೆ ಪಾಯಕ್ಕೆ. ನಾವು ಇವತ್ತು ತೆಗೆದ ಚಿತ್ರ ನಾಳೆ ಆ ಶಾಸನದ ಏಕೈಕ ದಾಖಲೆಯಾಗಬಹುದು. ಆದ್ದರಿಂದ ಅಳಿಸುವ ಮುಂಚೆ ಜಾಗ ತಿನ್ನುತ್ತಿರೋದು ಯಾವುದು ಅಂತ ಖಚಿತವಾಗಿ ತಿಳಿದಿರಬೇಕು.

ಒಂದೇ ಸಾಲಿನ ಕಮ್ಯಾಂಡ್

ಒಂದೊಂದು ಫೋಲ್ಡರಿನ ಮೇಲೂ ಮೌಸ್ ಒತ್ತಿ 'ಪ್ರಾಪರ್ಟೀಸ್' ನೋಡುವ ದಾರಿಯಲ್ಲಿ ಇನ್ನೂರು ಫೋಲ್ಡರಿಗೆ ಇನ್ನೂರು ಸಲ ಕಾಯಬೇಕು. ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಡಿಯು' ಅನ್ನುವ ಎರಡಕ್ಷರದ ಕಮ್ಯಾಂಡ್ ಇದೆ, ಡಿಸ್ಕ್ ಯೂಸೇಜ್ ಅನ್ನೋದರ ಸಂಕ್ಷೇಪ. ಅದು ಒಂದೇ ಸುತ್ತಿನಲ್ಲಿ ಎಲ್ಲ ಫೋಲ್ಡರುಗಳ ಲೆಕ್ಕ ಕೊಡುತ್ತೆ.

ಇಲ್ಲಿ ಕಮ್ಯಾಂಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ಹಳೆಯ ಲಿಪಿಯನ್ನು ಇಂದಿನ ಲಿಪಿಗೆ ಇಳಿಸುವ ನಮಗೆ ಇಷ್ಟು ಲಿಪ್ಯಂತರ ಕಷ್ಟವೇನಲ್ಲ.

ಟರ್ಮಿನಲ್‌ನಲ್ಲಿ ಶಾಸನಗಳ ಫೋಲ್ಡರ್ ಒಳಗೆ ಹೋಗಿ 'ಡಿಯು', ಹೈಫನ್ 'ಎಚ್', ಹೈಫನ್ 'ಡಿ', 1 ಅಂತ ಕೊಡಿ. 'ಎಚ್' ಅಂದರೆ ಎಂಬಿ, ಜಿಬಿಗಳಲ್ಲಿ ಓದುವ ಹಾಗೆ ತೋರಿಸು ಅಂತ. 'ಡಿ 1' ಅಂದರೆ ಒಂದೇ ಹಂತ ತೋರಿಸಿದರೆ ಸಾಕು ಅಂತ. ಆಮೇಲೆ ನಿಲುವುಗೆರೆ ಹಾಕಿ 'ಸಾರ್ಟ್' ಹೈಫನ್ 'ಎಚ್' ಸೇರಿಸಿ. ಚಿಕ್ಕದು ಮೇಲೆ, ದೊಡ್ಡದು ಕೆಳಗೆ ಬರುತ್ತೆ. ಕೊನೆಯ ಸಾಲಿನಲ್ಲಿ ಚುಕ್ಕಿಯ ಎದುರು ಇರೋದು ಒಟ್ಟು ಮೊತ್ತ. ಈ ಎರಡನೆಯ 'ಎಚ್' ಮರೆಯಬೇಡಿ. ಅದಿಲ್ಲದಿದ್ದರೆ ಸಾರ್ಟ್ ಬರೀ ಅಂಕಿ ನೋಡಿ, 900 ಎಂಬಿಯನ್ನು 2 ಜಿಬಿಗಿಂತ ದೊಡ್ಡದು ಅಂತ ಕೂರಿಸುತ್ತೆ.

'ಡಿಯು' ಬೇಗ ಮುಗಿಸೋದು ಹೇಗೆ? ಅದು ಚಿತ್ರಗಳನ್ನು ತೆರೆಯೋದೇ ಇಲ್ಲ. ಪ್ರತಿ ಫೈಲಿನ ಗಾತ್ರವನ್ನು ಡಿಸ್ಕ್ ಮೊದಲೇ ಬರೆದಿಟ್ಟಿರುತ್ತೆ, ಅದನ್ನಷ್ಟೇ ಓದಿ ಕೂಡುತ್ತೆ. ಶಾಸನ ಸಂಪುಟದ ಪಾಠ ಓದದೆ ಬರೀ ವಿಷಯಸೂಚಿ ಎಣಿಸಿದ ಹಾಗೆ. ಹಾಗಾಗಿ ಸಮಯ ಹಿಡಿಸೋದು ಫೈಲುಗಳ ಸಂಖ್ಯೆ, ಗಾತ್ರವಲ್ಲ. ಐದು ಜಿಬಿಯ ಒಂದು ವಿಡಿಯೊ ಕ್ಷಣದಲ್ಲಿ ಮುಗಿಯುತ್ತೆ, ಲಕ್ಷ ಚಿಕ್ಕ ಫೈಲಿರುವ ಫೋಲ್ಡರ್ ನಿಧಾನ. ಎರಡನೇ ಸಲ ಓಡಿಸಿದರೆ ಬೇಗ ಆಗುತ್ತೆ, ಯಾಕೆಂದರೆ ಆ ಸೂಚಿ ಅಷ್ಟರಲ್ಲಿ ಮೆಮೊರಿಯಲ್ಲಿರುತ್ತೆ.

ಎರಡು ಬಗೆಯ ಗಾತ್ರ

'ಡಿಯು' ಮಾಮೂಲಾಗಿ ಹೇಳೋದು ಫೈಲು ಡಿಸ್ಕಿನಲ್ಲಿ ಹಿಡಿದಿರುವ ಜಾಗ. ಫೈಲಿನ ನಿಜವಾದ ಉದ್ದ ಬೇರೆ. ಡಿಸ್ಕ್ ಜಾಗವನ್ನು ಗೊತ್ತಾದ ಅಳತೆಯ ಮನೆಗಳಾಗಿ ಹಂಚಿರುತ್ತೆ, ಎಷ್ಟೇ ಚಿಕ್ಕ ಫೈಲಿಗೂ ಒಂದು ಪೂರ್ತಿ ಮನೆ ಬೇಕು. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಒಂದು ಮನೆ 4 ಕೆಬಿ. ಎಕ್ಸ್‌ಫ್ಯಾಟ್ ಮಾಡಿದ ದೊಡ್ಡ ಪೋರ್ಟಬಲ್ ಡಿಸ್ಕಿನಲ್ಲಿ, ವಿಂಡೋಸಿನ ಮಾಮೂಲು ಅಳತೆಯಂತೆ, 128 ಕೆಬಿ. 2 ಕೆಬಿಯ ಸಾವಿರ ಶಾಸನಪಾಠಗಳು ಅಲ್ಲಿ 125 ಎಂಬಿ ಹಿಡಿಯುತ್ತವೆ, ಅದೇ ಲಿನಕ್ಸ್ ಡಿಸ್ಕಿನಲ್ಲಿ ಸುಮಾರು 4 ಎಂಬಿ. ಆದ್ದರಿಂದ ಜಾಗ ಬಿಡಿಸಬೇಕಾದರೆ ಹಿಡಿದಿರುವ ಜಾಗ ನೋಡಿ, ಎರಡು ಡಿಸ್ಕಿನ ಪ್ರತಿಗಳನ್ನು ಹೋಲಿಸಬೇಕಾದರೆ ನಿಜವಾದ ಬೈಟ್ ಲೆಕ್ಕ ನೋಡಿ.

ಹೋಲಿಕೆಗೆ ಚಿಕ್ಕ ಸ್ಕ್ರಿಪ್ಟ್ ಸಾಕು. ಪ್ರತಿ ಫೋಲ್ಡರಿಗೂ 'ಫೈಂಡ್' ಓಡಿಸಿ ಒಳಗಿನ ಫೈಲುಗಳ ಬೈಟ್ ಗಾತ್ರವನ್ನು ಸಾಲಾಗಿ ಬರೆಸೋದು, 'ಆಕ್' ಕಮ್ಯಾಂಡಿನಿಂದ ಅದನ್ನು ಕೂಡಿಸೋದು, ಸಾಲು ಎಣಿಸೋದು. ಒಂದೊಂದು ಕಲ್ಲಿಗೆ ಎರಡು ಸಂಖ್ಯೆ ಬರುತ್ತೆ: ಎಷ್ಟು ಫೈಲು, ಎಷ್ಟು ಬೈಟು. ಸ್ಕ್ರಿಪ್ಟಿನಲ್ಲಿ ಫೋಲ್ಡರಿನ ಹೆಸರಿಗೆ ಜೋಡಿ ಉದ್ಧರಣ ಚಿಹ್ನೆ ಹಾಕಿ, ಇಲ್ಲದಿದ್ದರೆ 'ಬೇಗೂರು ವೀರಗಲ್ಲು' ಅನ್ನುವ ಒಂದು ಹೆಸರನ್ನು ಅದು ಎರಡು ಫೋಲ್ಡರ್ ಅಂದುಕೊಳ್ಳುತ್ತೆ. ವಿಂಡೋಸಿನವರು ಪವರ್‌ಶೆಲ್‌ನ 'ಮೆಷರ್-ಆಬ್ಜೆಕ್ಟ್' ಬಳಸಿದರೆ ಇವೇ ಎರಡು ಸಂಖ್ಯೆ ಸಿಗುತ್ತೆ.

ಎರಡೂ ಡಿಸ್ಕಿನಲ್ಲಿ ಎರಡೂ ಸಂಖ್ಯೆ ಸರಿಹೊಂದಿದರೆ ಯಾವ ಫೈಲೂ ಬಿಟ್ಟುಹೋಗಿಲ್ಲ ಅಂತ ಬಹುಮಟ್ಟಿಗೆ ನಂಬಬಹುದು. ಒಳಗಿರೋದು ಕೆಟ್ಟಿಲ್ಲ ಅನ್ನೋದಕ್ಕೆ ಮಾತ್ರ ಇದು ಸಾಕ್ಷಿಯಲ್ಲ. ಅದಕ್ಕೆ 'ಎಸ್‌ಎಚ್‌ಎ256ಸಮ್' ಬೇಕು. ಅದು ಪ್ರತಿ ಫೈಲನ್ನೂ ಪೂರ್ತಿ ಓದುವುದರಿಂದ ನಿಧಾನ. ರಾತ್ರಿ ಓಡಿಸಿ ಬಿಡಿ.

ಏನನ್ನು ಅಳಿಸಬಹುದು?

ಪಟ್ಟಿಯ ಕೊನೆಯಲ್ಲಿ ದೊಡ್ಡದಾಗಿ ಕಾಣುವ ಫೋಲ್ಡರನ್ನು ನೋಡಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದನ್ನು ಮತ್ತೆ ಹುಟ್ಟಿಸಬಹುದೇ? ಮೆಶ್‌ರೂಮ್ ತಂತ್ರಾಂಶ ತನ್ನ ನಡುವಿನ ಲೆಕ್ಕವನ್ನೆಲ್ಲ 'ಮೆಶ್‌ರೂಮ್‌ಕ್ಯಾಶ್' ಎಂಬ ಫೋಲ್ಡರಿನಲ್ಲಿ ಇಡುತ್ತೆ. ಸಿದ್ಧವಾದ ಮಾದರಿ ಕೂಡ ಅಲ್ಲೇ ಇರಬಹುದು, ಅದನ್ನು ಬೇರೆ ಕಡೆ ಎತ್ತಿಟ್ಟು ಉಳಿದದ್ದನ್ನು ಅಳಿಸಿ. ಮೂಲ ಫೋಟೊ ಇದ್ದರೆ ಇದೆಲ್ಲ ಕೆಲವು ಗಂಟೆಯಲ್ಲಿ ಮತ್ತೆ ಬರುತ್ತೆ. ಕ್ಯಾಮೆರಾದಿಂದ ಬಂದ ಮೂಲ ಫೋಟೊ ಹಾಗಲ್ಲ, ಅದಕ್ಕೆ ಮತ್ತೆ ಕಲ್ಲಿನ ಹತ್ತಿರ ಹೋಗಬೇಕು, ಕಲ್ಲೂ ಇರಬೇಕು.

ಅದಕ್ಕೇ ಎಪಿಗ್ರಾಫಿಯಾ ಕರ್ನಾಟಿಕಾದ ಹಾಗೆ ತಾಲ್ಲೂಕು, ಸಂಖ್ಯೆ ಅಂತ ಜೋಡಿಸಿ, ಒಂದೊಂದು ಕಲ್ಲಿನ ಒಳಗೆ 'ಮೂಲ', 'ನಡುವೆ', 'ಮಾದರಿ', 'ಪಾಠ' ಅಂತ ನಾಲ್ಕು ಫೋಲ್ಡರ್ ಮಾಡಿಕೊಳ್ಳಿ. 'ಡಿ 1' ಬದಲು 'ಡಿ 3' ಕೊಟ್ಟರೆ ಅಲ್ಲಿಯವರೆಗೂ ಗಾತ್ರ ಕಾಣುತ್ತೆ. ಅಳಿಸುವ ಕೈ 'ನಡುವೆ' ಫೋಲ್ಡರಿಗೆ ಮಾತ್ರ ಹೋಗಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆ ಈ ಸ್ಕ್ರಿಪ್ಟ್ ಓಡಿಸಿ, ಬಂದ ಪಟ್ಟಿಯನ್ನು ತಾರೀಖು ಹಾಕಿ ಉಳಿಸಿಡಿ. ಹಿಂದಿನ ತಿಂಗಳ ಪಟ್ಟಿ ಪಕ್ಕದಲ್ಲಿಟ್ಟು ನೋಡಿ. 'ಮೂಲ' ಫೋಲ್ಡರಿನ ಅಂಕಿ ಹೆಚ್ಚಬಹುದು, ಅಷ್ಟೇ ಇರಬಹುದು, ಕಡಿಮೆ ಮಾತ್ರ ಆಗಬಾರದು. ಕಡಿಮೆ ಆಗಿದ್ದರೆ ಎಲ್ಲೋ ಏನೋ ಕಳೆದಿದೆ ಅಂತ ಅರ್ಥ. ಎರಡನೇ ಡಿಸ್ಕಿನಲ್ಲಿ ಅದು ಇನ್ನೂ ಇರುವಾಗಲೇ ಗೊತ್ತಾದರೆ ಉಳಿಸಿಕೊಳ್ಳಬಹುದು.