ಅಂಧ ಆಟಗಾರರಿಗಾಗಿ ಹಳೆಯ ಪಠ್ಯಾಧಾರಿತ ಗಣಕ ಆಟಗಳ ಪುನಶ್ಚೇತನ

ಪಠ್ಯಾಧಾರಿತ ಗಣಕ ಆಟ ಎಂದರೆ ಕಥೆ, ಸ್ಥಳ ಮತ್ತು ಘಟನೆಗಳನ್ನು ಚಿತ್ರಗಳಿಲ್ಲದೆ ಕೇವಲ ಬರೆಹದ ಮೂಲಕ ತಿಳಿಸುವ ಆಟ. ಆಟಗಾರನು ಕೀಲಿಮಣೆಯಲ್ಲಿ ಟೈಪಿಸಿದ ಆಜ್ಞೆಗೆ ಗಣಕವು ಬರೆಹದಲ್ಲಿಯೇ ಉತ್ತರಿಸುತ್ತದೆ. 1970 ಮತ್ತು 1980ರ ದಶಕಗಳಲ್ಲಿ ಜನಪ್ರಿಯವಾಗಿದ್ದ ಈ ಆಟಗಳು, ಚಿತ್ರಾಧಾರಿತ ಆಟಗಳ ಪ್ರಾಬಲ್ಯ ಹೆಚ್ಚಿದಂತೆ ಮಾರುಕಟ್ಟೆಯಿಂದ ಮರೆಯಾದವು. ಬರೆಹವನ್ನು ಧ್ವನಿಗೆ ಅಥವಾ ಬ್ರೈಲ್ ಲಿಪಿಗೆ ಪರಿವರ್ತಿಸಬಹುದಾದ್ದರಿಂದ, ದೃಷ್ಟಿಯುಳ್ಳವರೂ ಇಲ್ಲದವರೂ ಒಂದೇ ಆಟವನ್ನು ಸಮಾನವಾಗಿ ಆಡಲು ಇವು ಅವಕಾಶ ನೀಡುತ್ತವೆ. ಈ ಕಾರಣದಿಂದ ಹಳೆಯ ಆಟಗಳನ್ನು ಇಂದಿನ ಗಣಕಗಳಲ್ಲಿ ಮತ್ತೆ ಬಳಕೆಗೆ ತರುವ ಕಾರ್ಯಕ್ಕೆ ವಿಶೇಷ ಮಹತ್ವವಿದೆ.

ಇತಿಹಾಸ

ಗ್ರೆಗೊರಿ ಯೋಬ್ 1973ರಲ್ಲಿ ರಚಿಸಿದ 'ಹಂಟ್ ದ ವಂಪಸ್' ಆರಂಭದ ಆಟಗಳಲ್ಲಿ ಒಂದು. ಇದರಲ್ಲಿ 20 ಗುಹೆಗಳಿದ್ದು, ಪ್ರತಿಯೊಂದು ಗುಹೆಯೂ ಬೇರೆ ಮೂರು ಗುಹೆಗಳಿಗೆ ಕೂಡಿಕೊಂಡಿರುತ್ತದೆ. ಆಟಗಾರನು ಬರೆಹದಲ್ಲಿ ದೊರೆಯುವ ಸುಳಿವುಗಳನ್ನು ನೆನಪಿಟ್ಟುಕೊಂಡು ತರ್ಕದಿಂದ ಮುಂದುವರಿಯಬೇಕು.

ಅಮೆರಿಕದ ವಿಲ್ ಕ್ರೌದರ್ 1976ರಲ್ಲಿ 'ಕೊಲೊಸಲ್ ಕೇವ್ ಅಡ್ವೆಂಚರ್' ಎಂಬ ಆಟವನ್ನು ಫೋರ್ಟ್ರಾನ್ ಭಾಷೆಯಲ್ಲಿ ಬರೆದರು. ಗುಹಾ ಅನ್ವೇಷಕರೂ ಆಗಿದ್ದ ಅವರು ಕೆಂಟಕಿಯ ಮ್ಯಾಮತ್ ಗುಹೆಯ ರಚನೆಯನ್ನು ಇದರಲ್ಲಿ ಬಳಸಿಕೊಂಡಿದ್ದರು. 1977ರಲ್ಲಿ ಡಾನ್ ವುಡ್ಸ್ ಇದನ್ನು ವಿಸ್ತರಿಸಿದರು. ಇದರಿಂದ ಪ್ರೇರಿತರಾದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ನಾಲ್ವರು 'ಜೋರ್ಕ್' ಆಟವನ್ನು ರಚಿಸಿದರು. 1979ರಲ್ಲಿ ಸ್ಥಾಪನೆಯಾದ ಇನ್ಫೋಕಾಮ್ ಸಂಸ್ಥೆಯು ಜೋರ್ಕ್ ಆಟದ ಮೊದಲ ಭಾಗವನ್ನು 1980ರಲ್ಲಿ ಮಾರುಕಟ್ಟೆಗೆ ತಂದಿತು. 1986ರಲ್ಲಿ ಆಕ್ಟಿವಿಷನ್ ಸಂಸ್ಥೆಯು ಇನ್ಫೋಕಾಮನ್ನು ಕೊಂಡುಕೊಂಡಿತು. 1989ರಲ್ಲಿ ಅದರ ಕಚೇರಿಯು ಮುಚ್ಚಿತು.

ಇದೇ ಕಾಲದಲ್ಲಿ ಆಪಲ್ 2 ಗಣಕಗಳಿಗೆ 'ಎಕೋ' ಎಂಬ ಧ್ವನಿ ಸಂಶ್ಲೇಷಕ ದೊರೆಯುತ್ತಿತ್ತು. ಇದರ ನೆರವಿನಿಂದ ಅಂಧರು ಪರದೆಯ ಮೇಲಿನ ಬರೆಹವನ್ನು ಕೇಳಬಹುದಾಗಿತ್ತು.

ಸ್ಕ್ರೀನ್ ರೀಡರ್ ಕೆಲಸ ಮಾಡುವ ಬಗೆ

ಪರದೆಯ ಮೇಲಿರುವ ಬರೆಹವನ್ನು ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎಂದು ಹೆಸರು. 1989ರಲ್ಲಿ ಬಂದ ಜಾಸ್ ಮತ್ತು 2006ರಲ್ಲಿ ಆಸ್ಟ್ರೇಲಿಯದ ಮೈಕೆಲ್ ಕರನ್ ಆರಂಭಿಸಿದ ಉಚಿತ ತಂತ್ರಾಂಶ ಎನ್‌ವಿಡಿಎ ಇವುಗಳಲ್ಲಿ ಪ್ರಮುಖವಾದವು. ಸ್ಕ್ರೀನ್ ರೀಡರ್ ಪರದೆಯನ್ನು ಕಣ್ಣಿನಂತೆ ನೋಡುವುದಿಲ್ಲ. ಗಣಕವು ಅಕ್ಷರಗಳನ್ನು ಅಕ್ಷರಸಂಕೇತಗಳಾಗಿ ಒದಗಿಸಿದರೆ ಮಾತ್ರ ಅದು ಅವುಗಳನ್ನು ನೇರವಾಗಿ ಓದಬಲ್ಲದು. ಅದೇ ಅಕ್ಷರಗಳು ಕೇವಲ ಚಿತ್ರವಾಗಿ ಮೂಡಿದ್ದರೆ ಓದುವುದಕ್ಕೆ ಏನೂ ಉಳಿಯುವುದಿಲ್ಲ. ಪುನಶ್ಚೇತನದ ಹೆಚ್ಚಿನ ಸಮಸ್ಯೆಗಳಿಗೆ ಮೂಲ ಇದೇ ಆಗಿದೆ.

ಪುನಶ್ಚೇತನದ ಮಾರ್ಗಗಳು

ಹಳೆಯ ಆಟಗಳನ್ನು ಮತ್ತೆ ಬಳಕೆಗೆ ತರಲು ಮುಖ್ಯವಾಗಿ ಮೂರು ಮಾರ್ಗಗಳಿವೆ.

ಮೊದಲನೆಯದು ಎಮ್ಯುಲೇಟರ್. ಇದು ಹಳೆಯ ಯಂತ್ರವನ್ನು ಹೊಸ ಗಣಕದೊಳಗೆ ಅನುಕರಿಸುತ್ತದೆ. ಆಟವು ಇದ್ದಂತೆಯೇ ನಡೆಯುತ್ತದೆಯಾದರೂ, ಡಾಸ್‌ಬಾಕ್ಸ್‌ನಂತಹ ಎಮ್ಯುಲೇಟರುಗಳು ಇಡೀ ಪರದೆಯನ್ನು ಚಿತ್ರವಾಗಿ ಮೂಡಿಸುವುದರಿಂದ ಸ್ಕ್ರೀನ್ ರೀಡರ್‌ಗೆ ಬರೆಹ ಸಿಗುವುದಿಲ್ಲ. ನೋಡುವವರಿಗೆ ಸುಲಭವಾದ ಈ ಮಾರ್ಗ ಅಂಧರಿಗೆ ಬಹುಮಟ್ಟಿಗೆ ಮುಚ್ಚಿದೆ.

ಎರಡನೆಯದು ಇಂಟರ್‌ಪ್ರಿಟರ್. ಇನ್ಫೋಕಾಮ್ ತನ್ನ ಆಟಗಳನ್ನು 'ಜಡ್-ಮಷೀನ್' ಎಂಬ ಕಾಲ್ಪನಿಕ ಯಂತ್ರಕ್ಕಾಗಿ ಬರೆಯುತ್ತಿತ್ತು. ಹೊಸ ಗಣಕ ಬಂದಾಗ ಆಟಗಳನ್ನು ಬದಲಿಸದೆ, ಆ ಯಂತ್ರವನ್ನು ನಡೆಸುವ ಇಂಟರ್‌ಪ್ರಿಟರನ್ನು ಮಾತ್ರ ಬರೆದರೆ ಸಾಕಾಗುತ್ತಿತ್ತು. ವ್ಯಾಪಾರದ ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಡು ಮುಂದೆ ಅಂಧರಿಗೂ ಉಪಕಾರಿಯಾಯಿತು. ಫ್ರೋಟ್ಸ್ ಮುಂತಾದ ಹೊಸ ಇಂಟರ್‌ಪ್ರಿಟರುಗಳು ಆಟದ ಮಾತುಗಳನ್ನು ನಿಜವಾದ ಬರೆಹವಾಗಿ ಹೊರಡಿಸಬಲ್ಲವು. ವಿಂಡೋಸ್ ಫ್ರೋಟ್ಸ್‌ನಲ್ಲಿ ಬರೆಹವನ್ನು ಓದಿ ಹೇಳುವ ಸೌಲಭ್ಯವೂ ಇದೆ.

ಮೂರನೆಯದು ಮರುರಚನೆ. ಮೂಲ ಕ್ರಮವಿಧಿಯನ್ನು ಆಧುನಿಕ ಭಾಷೆಯಲ್ಲಿ ಮತ್ತೆ ಬರೆಯಲಾಗುತ್ತದೆ. ಗ್ರಹಾಂ ನೆಲ್ಸನ್ 1993ರಲ್ಲಿ ಹೊರತಂದ 'ಇನ್ಫಾರ್ಮ್' ಎಂಬ ಸಾಧನದಿಂದ ಹವ್ಯಾಸಿಗಳು ಹಳೆಯ ಆಟಗಳನ್ನು ಮರುರಚಿಸುವುದಕ್ಕೂ ಹೊಸವನ್ನು ಬರೆಯುವುದಕ್ಕೂ ಸಾಧ್ಯವಾಯಿತು. 1995ರಿಂದ ಇಂತಹ ಆಟಗಳ ವಾರ್ಷಿಕ ಸ್ಪರ್ಧೆಯೂ ನಡೆಯುತ್ತಿದೆ.

ತೊಡಕುಗಳು

ಬರೆಹದಲ್ಲಿರುವ ಆಟಗಳೆಲ್ಲವೂ ಅಂಧರಿಗೆ ಸುಲಭವೆಂದು ಭಾವಿಸುವುದು ಸರಿಯಲ್ಲ. 1980ರ 'ರೋಗ್' ಆಟದಲ್ಲಿ ಅಕ್ಷರ ಮತ್ತು ಚಿಹ್ನೆಗಳಿಂದಲೇ ನೆಲಮಾಳಿಗೆಯ ನಕ್ಷೆಯನ್ನು ಬಿಡಿಸಲಾಗಿದೆ. ಅಲ್ಲಿ ಅಟ್ ಚಿಹ್ನೆಯೇ ಆಟಗಾರ. ಸ್ಕ್ರೀನ್ ರೀಡರ್ ಇದನ್ನು ಸಾಲುಸಾಲಾಗಿ ಓದಿದಾಗ ಚುಕ್ಕೆ, ಅಡ್ಡಗೆರೆಗಳ ಹೆಸರುಗಳು ಕೇಳಿಸುತ್ತವೆಯೇ ಹೊರತು ಕೋಣೆಯ ಆಕಾರ ತಿಳಿಯುವುದಿಲ್ಲ. ಪರದೆಯ ಮೇಲ್ತುದಿಯಲ್ಲಿ ಸದ್ದಿಲ್ಲದೆ ಬದಲಾಗುವ ಅಂಕಗಳ ಸಾಲು ಮತ್ತು ನಿಗದಿತ ಸಮಯದೊಳಗೆ ಉತ್ತರ ಬೇಡುವ ಭಾಗಗಳು ಇತರ ತೊಡಕುಗಳು. ಅಂಕಗಳನ್ನು ಒಂದು ಆಜ್ಞೆಯಿಂದ ಕೇಳುವ ಅವಕಾಶ, ನಕ್ಷೆಯ ಬದಲಿಗೆ ದಾರಿಗಳ ವಿವರಣೆ ಹಾಗೂ ಸಮಯದ ಮಿತಿಯನ್ನು ತೆಗೆಯುವ ಆಯ್ಕೆ ಇವಕ್ಕೆ ಪರಿಹಾರಗಳು. 2016ರಲ್ಲಿ ಸ್ಥಾಪಿತವಾದ ಇಂಟರಾಕ್ಟಿವ್ ಫಿಕ್ಷನ್ ಟೆಕ್ನಾಲಜಿ ಫೌಂಡೇಶನ್, ವಿಕಲಚೇತನ ಆಟಗಾರರಿಂದಲೇ ಪರೀಕ್ಷೆ ನಡೆಸಿ 2019ರಲ್ಲಿ ವರದಿಯನ್ನು ಪ್ರಕಟಿಸಿತು.

ಕನ್ನಡದ ಸಂದರ್ಭ

ಎನ್‌ವಿಡಿಎಯೊಂದಿಗೆ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿ ತಂತ್ರಾಂಶವು ಕನ್ನಡವನ್ನೂ ಓದುತ್ತದೆ. ಆದರೆ ಬರೆಹ ಯೂನಿಕೋಡ್‌ನಲ್ಲಿರಬೇಕು. ಹಳೆಯ ಫಾಂಟ್‌ಗಳಲ್ಲಿ ಸಿದ್ಧಪಡಿಸಿದ ಕಡತಗಳು ಕಣ್ಣಿಗೆ ಕನ್ನಡವಾಗಿ ಕಂಡರೂ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ. ಸ್ಕ್ರೀನ್ ರೀಡರ್ ಅವನ್ನು ಅರ್ಥವಿಲ್ಲದ ಶಬ್ದಗಳಾಗಿ ಓದುತ್ತದೆ.

ಇಂಗ್ಲಿಷ್ ಆಟಗಳಲ್ಲಿ ಕ್ರಿಯಾಪದ ಮೊದಲು, ವಸ್ತುವಿನ ಹೆಸರು ಅನಂತರ ಬರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಯಲ್ಲಿದ್ದು, ಪದಗಳ ಸಂಬಂಧವನ್ನು ವಿಭಕ್ತಿ ಪ್ರತ್ಯಯಗಳು ತಿಳಿಸುತ್ತವೆ. 'ಕೀಲಿಯಿಂದ ಪೆಟ್ಟಿಗೆಯನ್ನು ತೆರೆ' ಮತ್ತು 'ಪೆಟ್ಟಿಗೆಯನ್ನು ಕೀಲಿಯಿಂದ ತೆರೆ' ಎರಡೂ ಒಂದೇ ಆಜ್ಞೆ. ಆದ್ದರಿಂದ ಇಂಗ್ಲಿಷ್ ಆಟದ ವಾಕ್ಯಗಳನ್ನು ಅನುವಾದಿಸಿದರೆ ಸಾಲದು. ಆಜ್ಞೆಯನ್ನು ವಿಶ್ಲೇಷಿಸುವ ಭಾಗವನ್ನೇ ಹೊಸದಾಗಿ ರಚಿಸಬೇಕಾಗುತ್ತದೆ.

ಪ್ರಾದೇಶಿಕ ರೂಪಗಳನ್ನೂ ಗಮನಿಸಬೇಕು. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ ಮೊದಲಾದ ತಾಲ್ಲೂಕುಗಳ ಆಡುಮಾತಿನಲ್ಲಿ 'ಬಾಗಿಲನ್ನು ತೆರೆ' ಎಂಬುದು 'ಬಾಗಲಾ ತಗಿ' ಎಂದಾಗುತ್ತದೆ. ದೀಪವನ್ನು ಹೊತ್ತಿಸುವುದಕ್ಕೆ 'ಹಚ್ಚು' ಎನ್ನುತ್ತಾರೆ. 'ತೆಗೆ' ಎಂಬ ಒಂದೇ ಧಾತುವಿಗೆ ಬಾಗಿಲಿನ ವಿಷಯದಲ್ಲಿ ತೆರೆಯುವುದು ಎಂದೂ ಕಲ್ಲಿನ ವಿಷಯದಲ್ಲಿ ಸರಿಸುವುದು ಎಂದೂ ಅರ್ಥವಿದೆ. ಆಟವು ಗ್ರಾಂಥಿಕ ರೂಪವನ್ನು ಮಾತ್ರ ಒಪ್ಪಿದರೆ, ಕಿವಿಯಿಂದಲೇ ಭಾಷೆಯನ್ನು ಕಲಿತ ಅಂಧ ಬಾಲಕನ ಸರಿಯಾದ ಮಾತನ್ನೂ ತಪ್ಪೆಂದು ತಿರಸ್ಕರಿಸುತ್ತದೆ. ಪರ್ಯಾಯ ರೂಪಗಳ ಪಟ್ಟಿಯನ್ನು ಮೊದಲೇ ಸೇರಿಸುವುದು ಇದಕ್ಕೆ ಪರಿಹಾರ.

ಹಕ್ಕುಸ್ವಾಮ್ಯ

ಹಳೆಯ ಆಟವು ಮಾರಾಟದಲ್ಲಿ ಇಲ್ಲದಿದ್ದರೂ ಅದರ ಹಕ್ಕುಸ್ವಾಮ್ಯ ಮುಂದುವರಿದಿರುತ್ತದೆ. 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಜೋರ್ಕ್ ಆಟದ ಮೊದಲ ಮೂರು ಭಾಗಗಳ ಮೂಲ ಸಂಕೇತವನ್ನು ಎಂಐಟಿ ಪರವಾನಗಿಯಡಿ ಮುಕ್ತಗೊಳಿಸಿತು. ಇದರಿಂದ ಯಾರು ಬೇಕಾದರೂ ಆ ಸಂಕೇತವನ್ನು ಅಧ್ಯಯನ ಮಾಡಿ ಮಾರ್ಪಡಿಸಬಹುದು. ವ್ಯಾಪಾರಚಿಹ್ನೆಗಳು ಮಾತ್ರ ಇದರಲ್ಲಿ ಸೇರಿಲ್ಲ. ಭಾರತದ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿಯು, ವಿಕಲಚೇತನರ ಬಳಕೆಗಾಗಿ ಕೃತಿಗಳನ್ನು ಅವರಿಗೆ ನಿಲುಕುವ ರೂಪಕ್ಕೆ ಲಾಭದ ಉದ್ದೇಶವಿಲ್ಲದೆ ಪರಿವರ್ತಿಸಲು ಅವಕಾಶ ಕಲ್ಪಿಸಿದೆ.

ಮಹತ್ವ

ಅಂಧರಿಗೆಂದೇ ಪ್ರತ್ಯೇಕವಾಗಿ ರಚಿಸಿದ ಧ್ವನಿ ಆಟಗಳೂ ಇವೆ. ಪಠ್ಯಾಧಾರಿತ ಆಟಗಳ ವಿಶೇಷವೆಂದರೆ, ಇವುಗಳಲ್ಲಿ ಅಂಧ ವಿದ್ಯಾರ್ಥಿಯೂ ಅವನ ಸಹಪಾಠಿಯೂ ಒಂದೇ ಕಥೆಯನ್ನು ಒಂದೇ ನಿಯಮದಿಂದ ಆಡುತ್ತಾರೆ. ದಾರಿಯನ್ನು ನೆನಪಿಡುವುದು, ಸುಳಿವುಗಳನ್ನು ಜೋಡಿಸುವುದು ಮತ್ತು ಕೀಲಿಮಣೆಯ ಮೇಲೆ ಹಿಡಿತ ಸಾಧಿಸುವುದು ಇಬ್ಬರಿಗೂ ಸಮಾನವಾದ ಅಭ್ಯಾಸ. ಈ ಆಟಗಳನ್ನು ಉಳಿಸುವಾಗ ಅವು ಪರದೆಯ ಮೇಲೆ ಮತ್ತೆ ಕಾಣಿಸಿದರೆ ಸಾಲದು, ಕಿವಿಗೂ ಬೆರಳಿಗೂ ನಿಲುಕಬೇಕು.